ಜಾತಿಗೆ ಐದು ಗುಣ ಬರೆದು ಪಾಸಾದವನ ಮಾತು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಅಕ್ಕನ ಮಗಳು ಸೆಕೆಂಡ್ ಪಿಯು ಪಾಸಾದಳು. ಬಿಎಗೆ ಸೇರಿ ಸಮಾಜಶಾಸ್ತ್ರ ತಗೋತೀನಿ ಅಂದಳು. ಅಷ್ಟಕ್ಕೇ ಮನೆಯಲ್ಲಿ ರಂಪ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೇಳ್ಕೊಂಡರೆ ಒಬ್ಬ ಹಿರಿಯರು, ವೇದಿಕೆ ಹತ್ತಿದರೆ ಗಂಟೆಗಟ್ಟಲೆ ಬಾಬಾಸಾಹೇಬರ ಬಗ್ಗೆ ಮಾತಾಡೋರು, "ಸೋಷಿಯಾಲಜಿ ಓದಿ ಯಾರು ಉದ್ಧಾರ ಆಗಿದ್ದಾರೆ? ಬಿಕಾಂಗೋ ಬಿಸಿಎಗೋ ಹಾಕು" ಅಂತ ಬರೆದರು. ಅಲ್ಲಿ ಸುಮ್ಮನಿದ್ದೆ. ಉತ್ತರ ಇಲ್ಲಿ ಕೊಡ್ತಿದ್ದೀನಿ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ.

ನಾನೂ ಬಿಎ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. 2000ನೇ ಇಸವಿಯಲ್ಲಿ ಎರಡನೇ ವರ್ಷದಲ್ಲಿದ್ದೆ. ಆ ವರ್ಷ ಮಾರ್ಚ್ 11, ಶನಿವಾರ, ಆಗಿನ ನಮ್ಮ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸೋಮವಾರ ಕಾಲೇಜಿಗೆ ಹೋದೆ. ಸಮಾಜಶಾಸ್ತ್ರದ ಮೇಷ್ಟ್ರು ಎಂದಿನ ಹಾಗೆ ನೋಟ್ಸ್ ಬರೆಸಿದರು. ಕಂಬಾಲಪಲ್ಲಿ ಅನ್ನೋ ಹೆಸರು ಆ ತರಗತಿಯಲ್ಲಿ ಬರಲೇ ಇಲ್ಲ. ಸಮಾಜದ ಶಾಸ್ತ್ರ ಹೇಳಿಕೊಡೋ ಕೋಣೆಗೆ ಸಮಾಜಕ್ಕೇ ಪ್ರವೇಶ ಇರಲಿಲ್ಲ!

ಆಮೇಲೆ ಪರೀಕ್ಷೆ ಬಂತು. "ಜಾತಿ ವ್ಯವಸ್ಥೆಯ ಗುಣ ಮತ್ತು ದೋಷಗಳನ್ನು ವಿವರಿಸಿ." ನಾನು ಐದು ಗುಣ ಬರೆದೆ. ಶ್ರಮ ವಿಭಜನೆ, ಸಾಮಾಜಿಕ ಭದ್ರತೆ, ಕಸುಬಿನ ಕೌಶಲ ಮಕ್ಕಳಿಗೆ ದಾಟುವುದು, ಸಂಸ್ಕೃತಿಯ ರಕ್ಷಣೆ, ಪರಸ್ಪರ ಸಹಕಾರ. ಒಳ್ಳೇ ಅಂಕವೇ ಬಂತು. ನಮ್ಮಪ್ಪ ಊರಿನವರ ಸಾವಿಗೆ ತಮಟೆ ಬಡಿದು, ಹಿತ್ತಿಲ ಬಾಗಿಲಲ್ಲಿ ನಿಂತು ಕೂಳು ಇಸ್ಕೊಂಡು ಬರ್ತಿದ್ದ. ಅವನ ಮಗ ಅದಕ್ಕೆ 'ಸಾಮಾಜಿಕ ಭದ್ರತೆ' ಅಂತ ಹೆಸರಿಟ್ಟು ಪಾಸಾದ. 2006ರಲ್ಲಿ ಕಂಬಾಲಪಲ್ಲಿಯ ಆರೋಪಿಗಳೆಲ್ಲ ಖುಲಾಸೆಯಾದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಉತ್ತರ ಪತ್ರಿಕೆ.

ಹಾಗಾದ್ರೆ ಹಿರಿಯರು ಹೇಳಿದ್ದೇ ಸರಿ ಅಲ್ವಾ ಅಂತೀರಾ? ಅಲ್ಲ. ತಪ್ಪು ವಿಷಯದ್ದಲ್ಲ, ಪಠ್ಯ ಬರೆದ ಕೈಯದ್ದು.

ಸ್ವಲ್ಪ ಲೆಕ್ಕ ಹಾಕಿ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಚಾರಗೋಷ್ಠಿಯಲ್ಲಿ 25 ವರ್ಷದ ಭೀಮರಾವ್ 'ಭಾರತದಲ್ಲಿ ಜಾತಿಗಳು' ಪ್ರಬಂಧ ಮಂಡಿಸಿದರು. ಜಾತಿಯ ಬೇರು ಜಾತಿಯೊಳಗಿನ ಮದುವೆಯಲ್ಲಿದೆ, ಅದನ್ನು ಕಾಯೋದಕ್ಕೇ ಸತಿ, ವಿಧವೆಯ ಮೇಲಿನ ನಿರ್ಬಂಧ, ಬಾಲ್ಯವಿವಾಹ ಬಂದವು, ಮೇಲಿನವರನ್ನು ಉಳಿದವರು ಅನುಕರಿಸುತ್ತಾ ಹೋಗಿ ಜಾತಿ ಹಬ್ಬಿತು ಅಂತ ತೋರಿಸಿದರು. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು ಅದೇ 1916ರ ನವೆಂಬರಿನಲ್ಲಿ. ಕೊಡವರ ಮೇಲಿನ ಅವರ ಪುಸ್ತಕ ಬಂದದ್ದು 1952ರಲ್ಲಿ. ಅಲ್ಲಿಂದ 'ಸಂಸ್ಕೃತೀಕರಣ' ಎಲ್ಲ ಗೈಡುಗಳಿಗೂ ಹತ್ತಿತು. ಅನುಕರಣೆಯ ಮಾತನ್ನು 36 ವರ್ಷ ಮೊದಲೇ ಆಡಿದವರು ನನ್ನ ಪಠ್ಯದಲ್ಲಿ ಎಲ್ಲಿದ್ದರು? ರಾಜ್ಯಶಾಸ್ತ್ರದ ಹುಡುಗರ ಪುಸ್ತಕದಲ್ಲಿ, 'ಸಂವಿಧಾನ ಶಿಲ್ಪಿ' ಅಂತ ಹಾರ ಹಾಕಿಸ್ಕೊಂಡು ಕೂತಿದ್ದರು.

ಶ್ರೀನಿವಾಸರನ್ನು ಓದಬೇಡಿ ಅಂತ ಹೇಳ್ತಿಲ್ಲ. ಖಂಡಿತ ಓದಿ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಕೂತು ಕಂಡಿದ್ದನ್ನು ಅಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ. ತಾವು ಹಳ್ಳಿಯನ್ನು ಮೇಲ್ಜಾತಿಯ ಕಣ್ಣಿಂದ ನೋಡಿದ್ದೀವಿ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ಗೈಡು ಬರೆದವರಿಗೆ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಊರ ಗೌಡರ ಜಗಲಿಯಿಂದ ಕಾಣೋ ಹಳ್ಳಿ ಪಾಠ ಆಗಬಹುದಾದ್ರೆ, ಕೇರಿಯಿಂದ ಕಾಣೋ ಹಳ್ಳಿ ಯಾಕಾಗಲ್ಲ? ನಾವು ಬಾಡು ಬಿಟ್ಟರೆ ಸಂಸ್ಕೃತೀಕರಣ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನ ಆ ಏಣಿಯನ್ನೇ ಒದ್ದು ಬೌದ್ಧರಾದರಲ್ಲ, ಅದಕ್ಕೇನು ಹೆಸರು? ಆ ಪ್ರಶ್ನೆ ನನ್ನ ಮೂರು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ.

ಈಗ ಕೆಲಸದ ಮಾತು. ಸುಳ್ಳು ಹೇಳಲ್ಲ. ಸಮಾಜಶಾಸ್ತ್ರ ಓದಿದವರನ್ನು ಯಾರೂ ಕರೆದು ಕೂರಿಸಿ ನೌಕರಿ ಕೊಡಲ್ಲ. ನಾನು ಗುಮಾಸ್ತ ಆದದ್ದೂ ಪರೀಕ್ಷೆ ಬರೆದೇ. ಆದರೆ ಬಿಕಾಂ ಮಾಡಿ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕ್ತಿರೋ ನಮ್ಮ ಹುಡುಗರನ್ನೂ ನೋಡಿದ್ದೀನಿ. ಎಂಎ, ಎಂಎಸ್‌ಡಬ್ಲ್ಯೂ, ಕೆಎಎಸ್ ದಾರಿ ಇವಳಿಗೂ ತೆರೆದೇ ಇದೆ.

ಅದಕ್ಕಿಂತ ದೊಡ್ಡ ಮಾತು ಒಂದಿದೆ. ಹಾವನೂರು ವರದಿಯಿಂದ (1975) ಹಿಡಿದು ಮೊನ್ನೆ 2025ರ ನಾಗಮೋಹನ್ ದಾಸ್ ಆಯೋಗದವರೆಗೆ ನಮ್ಮ ಪಾಲು ನಿಂತಿರೋದು ಸಮೀಕ್ಷೆಯ ಮೇಲೆ. ಆದಿ ಕರ್ನಾಟಕ, ಆದಿ ದ್ರಾವಿಡ ಅಂತಷ್ಟೇ ಬರೆಸಿದವರ ಮೂಲ ಜಾತಿ ಯಾವುದು ಅನ್ನೋದು ಒಳಮೀಸಲಾತಿಗೆ ಎಷ್ಟು ತಲೆನೋವಾಯ್ತು ನೋಡಿದ್ರಲ್ಲ? ನಮೂನೆಯಲ್ಲಿ ಒಂದು ಕಾಲಂ ಹೇಗಿರಬೇಕು ಅನ್ನೋದರ ಮೇಲೆ ಒಂದು ಸಮುದಾಯದ ಹಣೆಬರಹ ನಿಲ್ಲುತ್ತೆ. ನಾನು ದಿನಾ ನಮೂನೆ ತುಂಬಿಸೋ ಗುಮಾಸ್ತ, ನನಗೆ ಗೊತ್ತು. ಆ ಕಾಲಂ ಬರೆಯೋ ಜಾಗದಲ್ಲಿ ನಮ್ಮ ಮಕ್ಕಳು ಕೂರಬೇಕಾ ಬೇಡವಾ? ಅದಕ್ಕೆ ಬೇಕಾದ ವಿದ್ಯೆಯೇ ಸಮಾಜಶಾಸ್ತ್ರ.

2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಪಠ್ಯ ತಿದ್ದೋದಕ್ಕೆ ಅದೊಂದು ಅವಕಾಶ. ಆಗ ನಾವು ಏನು ಮಾಡ್ತಿದ್ವಿ? ಪ್ರತಿಮೆ ಎಲ್ಲಿ ಇಡಬೇಕು ಅಂತ ಜಗಳ ಆಡ್ತಿದ್ವಿ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಈಗಲಾದರೂ ಕೇಳೋಣ:

1. 1916ರ ಆ ಪ್ರಬಂಧ ಮೊದಲ ಸೆಮಿಸ್ಟರಿನಲ್ಲೇ, ಸಮಾಜಶಾಸ್ತ್ರದ ಪಾಠವಾಗಿಯೇ ಬರಲಿ.
2. 'ಜಾತಿಯ ಗುಣಗಳು' ಅನ್ನೋ ಪ್ರಶ್ನೆ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ತೆಗೆಯಲಿ. ಕೊಲೆಯ ಗುಣದೋಷ ಬರೆಯಿರಿ ಅಂತ ಕಾನೂನು ಕಾಲೇಜಿನಲ್ಲಿ ಕೇಳ್ತಾರಾ?
3. ಪ್ರತಿ ವಿದ್ಯಾರ್ಥಿ ಒಂದು ಕೇರಿಗೆ ಹೋಗಿ ಕ್ಷೇತ್ರಕಾರ್ಯ ಮಾಡಲಿ. ನೀರು ಎಲ್ಲಿಂದ ಬರುತ್ತೆ, ಸ್ಮಶಾನ ಎಲ್ಲಿದೆ, ಹೋಟೆಲಿನಲ್ಲಿ ಲೋಟ ಯಾವುದು ಅಂತ ಬರೆದು ತರಲಿ.

ಹುಡುಗಿಯನ್ನು ಸೇರಿಸಿ ಬಂದೆ. ವಾಪಸ್ ಬರ್ತಾ ಬಸ್ಸಲ್ಲಿ ನನ್ನ ಹಳೇ ಕಥೆ ಹೇಳಿದೆ. ಕೇಳಿ, "ಮಾವ, ನನಗೂ ಅದೇ ಪ್ರಶ್ನೆ ಬಂದ್ರೆ ಏನ್ ಬರೀಲಿ?" ಅಂದಳು.

"ದೋಷ ಎರಡು ಪುಟ ಬರಿ. ಗುಣದ ಜಾಗದಲ್ಲಿ 'ಯಾರಿಗೆ ಗುಣ?' ಅಂತ ಕೇಳಿ, ನಿಮ್ಮ ತಾತನ ಕಥೆ ಬರಿ. ಅಂಕ ಕಡಿದ್ರೆ ಹೇಳು. ನಾವೆಲ್ಲ ತಮಟೆ ತಗೊಂಡು ಮೌಲ್ಯಮಾಪನ ಕುಲಸಚಿವರ ಬಾಗಿಲಿಗೆ ಬರ್ತೀವಿ."

ಬರ್ತೀವಿ ಅಲ್ವಾ ಬಂಧುಗಳೇ?

ಜೈ ಭೀಮ್.