ಬೆಟ್ಟಕ್ಕೂ ಬೇಕು ಬಿಡುವಿನ ಕಾಲ



ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಹೊರಟವರು ರಾಗಿ ಹೊಲಗಳನ್ನೂ ಹೊಗೆಸೊಪ್ಪಿನ ಬ್ಯಾರನ್‌ಗಳನ್ನೂ ದಾಟಿ ವೀರನಹೊಸಹಳ್ಳಿಗೆ ಬರುತ್ತಾರೆ. ಅಲ್ಲಿ ರಸ್ತೆಗೆ ಅಡ್ಡಲಾಗಿ ಅರಣ್ಯ ಇಲಾಖೆಯ ಗೇಟು ಇದೆ. ಗೇಟಿನ ಈಚೆ ಬಯಲುಸೀಮೆಯ ಹೊಲ. ಆಚೆ 643 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನ. ಅದನ್ನೂ ದಾಟಿದರೆ ಕುಟ್ಟ, ಇರ್ಪು, ಬ್ರಹ್ಮಗಿರಿ. ಮಣ್ಣಿನ ಮಾದರಿ ಸಂಗ್ರಹಿಸಲು ಈ ಭಾಗದ ಹೊಲಗಳಿಗೆ ಆಗಾಗ ಬರುವ ನಾನು ಶನಿವಾರದ ಬೆಳಗಿನಲ್ಲಿ ಈ ಗೇಟಿನ ಮುಂದೆ ಸಾಲುಗಟ್ಟಿ ನಿಂತ ಕಾರುಗಳನ್ನು ಕಂಡಿದ್ದೇನೆ. ಹಿಂದಿನ ಸೀಟಿನಲ್ಲಿ ಮಕ್ಕಳು, ಮುಂದಿನ ಸೀಟಿನಲ್ಲಿ ತಂದೆತಾಯಿ, ನಡುವೆ ಅಜ್ಜಿ. ಅವರ ಮುಖದಲ್ಲಿರುವುದು ನಿಜವಾದ ಸಂತೋಷ. ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ನಗರದ ಮಕ್ಕಳು ಕಾಡನ್ನು ಕಾಣದೆ ಬೆಳೆದರೆ ನಾಳೆ ಕಾಡಿನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ.

ಆದರೆ ಈ ಕುಟುಂಬಗಳನ್ನು ಇಲ್ಲಿಗೆ ಕರೆತರುವ ಜಾಹೀರಾತುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಎಲ್ಲ ಋತುಗಳಿಗೂ ಹೊಂದುವ, ಸಂಸಾರ ಸಮೇತ ಹೋಗಬಹುದಾದ ಗಿರಿಧಾಮ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಜಲಪಾತ, ಚಳಿಗಾಲದಲ್ಲಿ ಮಂಜು; ಹನ್ನೆರಡು ತಿಂಗಳೂ ಬನ್ನಿ ಎನ್ನುವುದು ಅದರ ಅರ್ಥ. ಕೃಷಿಯನ್ನೇ ಓದಿ, ಕೃಷಿಯಲ್ಲೇ ಬದುಕಿದವನಿಗೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಹನ್ನೆರಡು ತಿಂಗಳೂ ಉಳಬಹುದಾದ ನೆಲ ಎಂದು ಯಾವ ರೈತನಾದರೂ ಹೇಳಿಕೊಂಡಾನೆಯೆ? ನೆಲಕ್ಕೆ ಹದವೆಂಬುದೊಂದಿದೆ. ಹದ ಬರುವ ಮೊದಲು ನೇಗಿಲಿಟ್ಟರೆ ಹೆಂಟೆ, ಹದ ಮೀರಿದ ಮೇಲೆ ಇಟ್ಟರೆ ಕೆಸರು. ಕೆಲವು ಕಾಲ ಬೀಳು ಬಿಟ್ಟರೆ ಮಾತ್ರ ನೆಲ ಮತ್ತೆ ಫಲ ಕೊಡುತ್ತದೆ. ಹೊಲಕ್ಕೆ ಸಲ್ಲುವ ಈ ನ್ಯಾಯ ಬೆಟ್ಟಕ್ಕೇಕೆ ಸಲ್ಲಬಾರದು?

ಬೀಳು ಬಿಡುವ ವಿವೇಕ ನಮಗೆ ಹೊಸತಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡಲು ಅಷ್ಟು ಕಾಲವಾದರೂ ಬೇಕೆಂದು ಬೆಸ್ತರೇ ಒಪ್ಪಿಕೊಂಡಿದ್ದಾರೆ. ಕೇರಳದ ಮುನ್ನಾರಿನ ಬಳಿ ಇರುವ ಎರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ನೀಲಗಿರಿ ವರೆಯಾಡುಗಳು ಮರಿ ಹಾಕುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪ್ರವಾಸಿಗರಿಗೆ ಮುಚ್ಚುತ್ತಾರೆ. ಮಧ್ಯಪ್ರದೇಶದ ಕಾನ್ಹಾದ ಕೋರ್ ವಲಯದಲ್ಲಿ ಮಳೆಗಾಲದಲ್ಲಿ ಸಫಾರಿ ಇಲ್ಲ. ಇದರಿಂದ ಮುನ್ನಾರಿಗೂ ಕಾನ್ಹಾಕ್ಕೂ ಪ್ರವಾಸಿಗರು ಬರುವುದು ನಿಂತಿಲ್ಲ. ನಮ್ಮ ನಾಗರಹೊಳೆಗೆ ಮಾತ್ರ ಅಂಥ ಗೊತ್ತಾದ ಬಿಡುವಿನ ಕಾಲವೊಂದಿಲ್ಲ.

ಬಿಡುವು ಯಾವಾಗ ಬೇಕು ಎಂಬುದನ್ನು ನಮ್ಮ ರೈತರ ಮಳೆ ನಕ್ಷತ್ರಗಳೇ ಹೇಳುತ್ತವೆ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಸುತ್ತಮುತ್ತ ಬೆಟ್ಟಗಳು ಜರಿದವು. 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಮನೆಗಳು ಮಣ್ಣಿನಡಿ ಸೇರಿದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಬಲಿಯಾಯಿತು. 2024ರ ಜುಲೈ 30ರ ನಸುಕಿನಲ್ಲಿ ಎಚ್.ಡಿ. ಕೋಟೆಯ ನೆರೆಯ ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲ ಎಂಬ ಊರುಗಳು ಕೊಚ್ಚಿಹೋದವು. ಪುಷ್ಯದಿಂದ ಮಘೆಯೊಳಗೆ, ಅಂದರೆ ಜುಲೈ ಕೊನೆಯ ವಾರದಿಂದ ಆಗಸ್ಟ್ ಮುಗಿಯುವುದರೊಳಗೆ, ಇವೆಲ್ಲ ನಡೆದವು. ಪುನರ್ವಸುವಿನಿಂದ ಸುರಿದ ನೀರನ್ನು ಕುಡಿದು ಕುಡಿದು ತುಂಬಿದ ಮಣ್ಣು ಆ ಹೊತ್ತಿಗೆ ಇನ್ನೊಂದು ಹನಿಯನ್ನೂ ತಾಳಲಾರದ ಸ್ಥಿತಿಯಲ್ಲಿರುತ್ತದೆ. ಅದೇ ದಿನಗಳಲ್ಲಿ, ಸ್ವಾತಂತ್ರ್ಯ ದಿನದ ರಜೆಗೆ ವಾರಾಂತ್ಯವೂ ಸೇರಿತೆಂದರೆ, ಘಟ್ಟದ ರಸ್ತೆಗಳಲ್ಲಿ ಜಲಪಾತ ನೋಡಲು ಹೊರಟ ಕಾರುಗಳ ಸಾಲು!

ನಾಗರಹೊಳೆ ಅಷ್ಟು ಕಡಿದಾದ ಪ್ರದೇಶವಲ್ಲ, ಅಲ್ಲಿ ಬೆಟ್ಟ ಜರಿಯುವ ಭಯವಿಲ್ಲ ಎಂದು ಕೆಲವರು ವಾದಿಸಬಹುದು. ನಿಜ. ಆದರೆ ಅಲ್ಲಿಯ ಮಣ್ಣಿಗೂ ಹದವಿದೆ. ನೆನೆದ ಮಣ್ಣಿನ ಮೇಲೆ ಭಾರವಾದ ಚಕ್ರ ಹಾದುಹೋದರೆ ಮಣ್ಣಿನ ಕಣಗಳ ನಡುವಣ ತೆರಪು ಮುಚ್ಚಿಹೋಗುತ್ತದೆ. ಆಮೇಲೆ ನೀರು ಇಂಗುವುದಿಲ್ಲ, ಗಾಲಿಯ ಜಾಡಿನಲ್ಲೇ ಹರಿದು ಕೊರಕಲಾಗುತ್ತದೆ. ಇದನ್ನು ತಿಳಿಯಲು ಡಾಕ್ಟರೇಟ್ ಬೇಕಿಲ್ಲ. ಪಿರಿಯಾಪಟ್ಟಣದ ಯಾವುದೇ ರೈತ ಮಳೆ ನಿಂತ ಮರುದಿನ ಟ್ರ್ಯಾಕ್ಟರನ್ನು ಹೊಲಕ್ಕಿಳಿಸದಿರುವುದು ಇದೇ ಕಾರಣಕ್ಕೆ. ಬಿದಿರು, ಬೀಟೆ, ತೇಗ, ಹೊನ್ನೆಗಳ ಬೀಜ ಮೊಳೆತು ಬೇರೂರುವುದೂ, ಹುಲ್ಲು ಚಿಗುರುವುದೂ ಈ ಮಳೆಯ ತಿಂಗಳುಗಳಲ್ಲಿಯೇ.

ಇನ್ನು ನ್ಯಾಯದ ಪ್ರಶ್ನೆ. 1990ರ ದಶಕದ ಕೊನೆಯಿಂದ ಜೇನು ಕುರುಬ, ಬೆಟ್ಟ ಕುರುಬ, ಯರವ ಕುಟುಂಬಗಳನ್ನು ಈ ಕಾಡಿನ ಹಾಡಿಗಳಿಂದ ಹೊರತಂದು ಇದೇ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆಗೊಳಿಸಲಾಯಿತು. ಕಾಡಿಗೆ ಮೌನ ಬೇಕು, ವನ್ಯಜೀವಿಗಳಿಗೆ ನೆಮ್ಮದಿ ಬೇಕು ಎಂಬುದೇ ಆಗ ಅವರಿಗೆ ಹೇಳಿದ ಕಾರಣ. ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ನೀಡಿ, 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದಿತು. ಹೀಗೆ ಹೊರಹಾಕುವ ಒತ್ತಡ ನಡೆದಿದ್ದ ಕಾಲದಲ್ಲೇ ಕಾಡಿನೊಳಗೆ, ಮೂರ್ಕಲ್ಲಿನಲ್ಲಿ, ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಸರ್ಕಾರವೇ ಜಾಗವನ್ನು ಗುತ್ತಿಗೆಗೆ ಕೊಟ್ಟಿತ್ತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯವರು ನ್ಯಾಯಾಲಯದ ಬಾಗಿಲು ಬಡಿದ ಮೇಲೆ 1997ರಲ್ಲಿ ಹೈಕೋರ್ಟು ಅದನ್ನು ಕಾನೂನುಬಾಹಿರವೆಂದಿತು. ಕಾಡಿಗೆ ಮೌನ ಬೇಕೆಂಬುದು ಸತ್ಯವಾದರೆ ಅದು ಎಲ್ಲರಿಗೂ ಸತ್ಯವಾಗಬೇಕು. ಜೇನು ಕೀಳುವವನ ಹೆಜ್ಜೆಸಪ್ಪಳ ಕಾಡಿಗೆ ಭಾರ, ಸಫಾರಿ ಬಸ್ಸಿನ ಎಂಜಿನ್ ಹಗುರ ಎಂಬ ಲೆಕ್ಕವನ್ನು ಯಾವ ವಿಜ್ಞಾನವೂ ಒಪ್ಪದು.

ಬಿಡುವಿನ ಕಾಲವೆಂದರೆ ಪ್ರವಾಸೋದ್ಯಮವನ್ನೇ ನೆಚ್ಚಿದ ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ಆಕ್ಷೇಪವನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ಜೀಪಿನ ಚಾಲಕ, ರೆಸಾರ್ಟಿನಲ್ಲಿ ಪಾತ್ರೆ ತೊಳೆಯುವ ಹೆಂಗಸು, ರಸ್ತೆ ಬದಿಯ ಚಹಾದಂಗಡಿಯವನು, ಇವರೆಲ್ಲ ನಮ್ಮವರೇ. ಆದರೆ 2025ರಲ್ಲಿ ಆದದ್ದನ್ನು ನೆನೆಯಿರಿ. ಸರಗೂರು ತಾಲ್ಲೂಕಿನ ಕಾಡಂಚಿನಲ್ಲಿ ಹುಲಿಯ ದಾಳಿಗೆ ರೈತರು ಒಬ್ಬರ ಹಿಂದೊಬ್ಬರಂತೆ ಬಲಿಯಾದಾಗ, ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳೆರಡರಲ್ಲೂ ಸಫಾರಿಯನ್ನು ಸರ್ಕಾರ ದಿಢೀರನೆ ನಿಲ್ಲಿಸಿತು. ಅಲ್ಲಿಯ ಸಿಬ್ಬಂದಿಯನ್ನು ಕಾಡಂಚಿನ ಕಾವಲಿಗೆ ಕಳುಹಿಸಿತು. ದಾಳಿಗೆ ಸಫಾರಿಯೇ ಕಾರಣವೆಂದು ತೀರ್ಮಾನಿಸುವುದು ಆತುರವಾದೀತು. ಆದರೆ ಒಂದು ಪಾಠ ಸ್ಪಷ್ಟವಿದೆ. ಸಾವಿನ ಬೆನ್ನಿಗೆ, ಆಕ್ರೋಶದ ನಡುವೆ, ಎಷ್ಟು ದಿನವೆಂದು ತಿಳಿಯದೆ ಬಾಗಿಲು ಮುಚ್ಚುವುದಕ್ಕಿಂತ ಪಂಚಾಂಗದಂತೆ ಮೊದಲೇ ಗೊತ್ತಾದ ಬಿಡುವು ಎಲ್ಲರಿಗೂ ಲೇಸು. ಚಾಲಕ ತನ್ನ ಸಾಲದ ಕಂತನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲ. ಕುಟುಂಬಗಳು ತಮ್ಮ ಪ್ರವಾಸವನ್ನು ಹೊಂದಿಸಿಕೊಳ್ಳಬಲ್ಲವು. ಮಣ್ಣು ಮೆದುವಾದ ಆ ತಿಂಗಳುಗಳಲ್ಲಿ ಲಂಟಾನವನ್ನು ಬೇರುಸಹಿತ ಕೀಳುವುದೂ ಸುಲಭ. ಆ ಕೆಲಸವನ್ನು ಕಾಡಂಚಿನ ಊರು ಮತ್ತು ಹಾಡಿಗಳವರಿಗೇ ನ್ಯಾಯವಾದ ಕೂಲಿ ಕೊಟ್ಟು ವಹಿಸಿದರೆ ನಷ್ಟದ ಒಂದಷ್ಟು ಭಾಗವನ್ನಾದರೂ ತುಂಬಬಹುದು.

ಬೆಟ್ಟಗಳಿಗೆ ಮಿತಿ ಹಾಕುವ ಯೋಚನೆ ಬೇರೆಡೆ ಈಗಾಗಲೇ ಕಾನೂನಿನ ಬಲ ಪಡೆದಿದೆ. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೂ ಕೊಡೈಕನಾಲಿಗೂ ಹೋಗುವ ವಾಹನಗಳಿಗೆ ಇ–ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿ ಹಾಕಲಾಯಿತು. ಆದರೆ ಎಣಿಕೆಯೊಂದೇ ಸಾಲದು. ಬೆಟ್ಟ ಎಷ್ಟನ್ನು ತಾಳಬಲ್ಲದು ಎಂಬುದರ ಜೊತೆಗೆ ಯಾವಾಗ ತಾಳಬಲ್ಲದು ಎಂಬುದನ್ನೂ ಕೇಳಬೇಕು.

ಹಾಗಾದರೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ, ಯಾವಾಗ ಹೋಗಬೇಕು? ಬೇಡವೆನ್ನುವವರು ಬೇಕಾದ್ದನ್ನೂ ಹೇಳಬೇಕಲ್ಲವೆ? ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲೇ ಋತುವಿಗೆ ತಕ್ಕ ಎಡೆಗಳಿವೆ.

ದಸರೆಯಿಂದ ದೀಪಾವಳಿಯವರೆಗೆ ಬೆಟ್ಟವೇರಲು ಹದವಾದ ಕಾಲ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಸಾವಿರಾರು ಕಲ್ಲಿನ ಮೆಟ್ಟಿಲುಗಳಿವೆ. ಬಿಸಿಲೇರುವ ಮೊದಲು ಮಕ್ಕಳೊಡನೆ ನಡೆದೇ ಹತ್ತಿ. ಮೇಲಿನಿಂದ ಕಾಣುವ ರಾಗಿ, ಜೋಳದ ಹೊಲಗಳನ್ನು ಗುರುತಿಸುವ ಆಟವಾಡಿ. ನಾಗರಹೊಳೆಯನ್ನು ನೋಡಲೇಬೇಕೆಂದಿದ್ದರೆ ಅದಕ್ಕೂ ಇದೇ ಕಾಲ ಸೂಕ್ತ. ಕಾಡು ಇನ್ನೂ ಹಸಿರಾಗಿರುತ್ತದೆ, ನೀರಿಗಾಗಿ ಪ್ರಾಣಿಗಳು ಪರದಾಡುತ್ತಿರುವುದಿಲ್ಲ.

ಪುಷ್ಯ ಮಾಸದ ಚಳಿಯಲ್ಲಿ ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಗೆ ಹೋಗಿ. ಕಾವೇರಿ ಅಲ್ಲಿ ಬಂಡೆಗಳಿಂದ ಧುಮುಕುತ್ತಾಳೆ; ದಡದಲ್ಲಿ ಕೋದಂಡರಾಮನ ಗುಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ಕಂಡ ಮಗು ಯಾವ ಸಫಾರಿಗೂ ಕಡಿಮೆಯಿಲ್ಲದ ಬೆರಗನ್ನು ಹೊತ್ತು ಮನೆಗೆ ಮರಳುತ್ತದೆ. ಬೈಲುಕುಪ್ಪೆಯ ಟಿಬೆಟನ್ ನೆಲೆಯೂ ಹತ್ತಿರದಲ್ಲೇ ಇದೆ. ತಮ್ಮ ಬೆಟ್ಟಗಳನ್ನು ಕಳೆದುಕೊಂಡು ಬಂದ ಜನ 1960ರ ದಶಕದಿಂದ ಇಲ್ಲಿ ಜೋಳ ಬೆಳೆದು ಬದುಕು ಕಟ್ಟಿಕೊಂಡ ಕಥೆಯನ್ನು ಮಕ್ಕಳಿಗೆ ಹೇಳಿ.

ಬೇಸಿಗೆ ರಜೆಯಲ್ಲಿ ಕಬಿನಿ ಹಿನ್ನೀರು ತಗ್ಗಿ, ಹೊಸ ಹುಲ್ಲಿಗೆ ಆನೆಗಳು ಸೇರುವುದನ್ನು ನೋಡಲು ಎಲ್ಲರಿಗೂ ಆಸೆ. ಒಂದು ಸಲ ನೋಡಿ ಬನ್ನಿ. ಇಲಾಖೆಯ ವಾಹನದಲ್ಲಿಯೇ ಹೋಗಿ. 1974ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆಯ ನೀರಿನಡಿ ಎಚ್.ಡಿ. ಕೋಟೆಯ ಹಳ್ಳಿಗಳು ಮಲಗಿವೆ ಎಂಬುದನ್ನೂ ಮಕ್ಕಳು ತಿಳಿಯಲಿ. ಇದು ಕಾಡು ಒಣಗಿದ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದುದನ್ನು ಮರೆಯಬಾರದು. ಕಾಡಂಚಿನ ತಂಗುದಾಣಗಳು ರಾತ್ರಿ ಬೆಂಕಿ ಹಾಕಿ ಕೂರಲು ಕರೆದರೆ ಬೇಡವೆನ್ನಿ.

ಮಳೆಗಾಲದಲ್ಲಿ ಬೆಟ್ಟವನ್ನು ಬಿಟ್ಟು ಬಯಲಿಗೆ ಬನ್ನಿ. ಹನಗೋಡಿನ ಅಣೆಕಟ್ಟೆಯ ಬಳಿ ಸುರಕ್ಷಿತ ದೂರದಲ್ಲಿ ನಿಂತು ಲಕ್ಷ್ಮಣತೀರ್ಥ ಕೆಂಪಾಗಿ ಹರಿಯುವುದನ್ನು ನೋಡಿ. ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಸಾಗುತ್ತಿರುತ್ತದೆ. ಒಪ್ಪಿಗೆ ಕೇಳಿ ಮಕ್ಕಳನ್ನು ಕೆಸರಿಗಿಳಿಸಿ. ಪಕ್ಕದ ಊರುಗಳಲ್ಲಿ ಬ್ಯಾರನ್‌ಗಳು ಹೊಗೆಯಾಡುತ್ತಿರುತ್ತವೆ. ಒಂದು ಕಿಲೋ ಹೊಗೆಸೊಪ್ಪು ಹದಗೊಳ್ಳಲು ಹಲವು ಕಿಲೋ ಸೌದೆ ಉರಿಯುತ್ತದೆಂದು ತಿಳಿದರೆ, ಕಾಡಿಗೂ ಹೊಲಕ್ಕೂ ಇರುವ ಸಂಬಂಧ ಮಕ್ಕಳಿಗೆ ಪಾಠವಿಲ್ಲದೆ ಅರ್ಥವಾಗುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪುವಿನಲ್ಲಿ ಧುಮುಕಿ ಬಂದ ಈ ಹೊಳೆ ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಬೆಂಗಳೂರಿನ ಮನೆಯ ನಲ್ಲಿಯಲ್ಲಿ ಬರುವ ಕಾವೇರಿಯಲ್ಲಿ ಇದರ ಪಾಲೂ ಇದೆ. ಬೆಟ್ಟಕ್ಕೆ ಬಿಡುವು ಕೊಡುವವರು ತಮ್ಮ ಕೊಡವನ್ನೇ ತುಂಬಿಕೊಳ್ಳುತ್ತಿದ್ದಾರೆ.

ಈ ಹಿನ್ನೆಲೆಯಲ್ಲಿ ನಮ್ಮ ಬಳಗ ಮೂರು ಬೇಡಿಕೆಗಳನ್ನು ಮುಂದಿಡುತ್ತದೆ. ಒಂದು, ಪುನರ್ವಸುವಿನಿಂದ ಮಘೆಯವರೆಗೆ, ಅಂದರೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ನಾಗರಹೊಳೆಯ ಎಲ್ಲ ದ್ವಾರಗಳಲ್ಲೂ ಸಫಾರಿ ನಿಲ್ಲಲಿ. ಶಾಲೆಗಳು ನಡೆಯುವ ಕಾಲವಾದ್ದರಿಂದ ಕುಟುಂಬಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಎರಡು, ಈ ಬಿಡುವು ಪ್ರವಾಸಿಗರಿಗೆ ಮಾತ್ರ ಅನ್ವಯವಾಗಲಿ. ಅಣಬೆ, ಗೆಡ್ಡೆ, ಸೊಪ್ಪುಗಳಿಗೆ, ಪೂಜೆಪುನಸ್ಕಾರಗಳಿಗೆ ಕಾಡಿಗೆ ಹೋಗುವ ಆದಿವಾಸಿಗಳನ್ನು ತಡೆಯಲು ಅದು ನೆಪವಾಗಕೂಡದು. 2006ರ ಅರಣ್ಯ ಹಕ್ಕು ಕಾಯಿದೆ ಕೊಟ್ಟದ್ದನ್ನು ಋತುವಿನ ಹೆಸರಿನಲ್ಲಿ ಕಿತ್ತುಕೊಳ್ಳುವಂತಿಲ್ಲ. ಮೂರು, ಆ ಎರಡು ತಿಂಗಳ ಕೂಲಿ ಕೆಲಸದ ಯೋಜನೆಯನ್ನು ಕಾಡಂಚಿನ ಗ್ರಾಮಸಭೆಗಳ ಮುಂದಿಟ್ಟು, ಅವುಗಳ ಒಪ್ಪಿಗೆ ಪಡೆದು ಜಾರಿಗೆ ತರಬೇಕು.

ಓದುಗರು ತಮ್ಮ ತಮ್ಮ ಗ್ರಾಮಸಭೆಗಳಲ್ಲಿ ಇದನ್ನು ಚರ್ಚೆಗೆ ತರಬೇಕೆಂದು ಕೋರುತ್ತೇವೆ. ನಗರದಲ್ಲಿರುವ ನಿಮ್ಮ ನೆಂಟರು ಬರುವ ಆಷಾಢದಲ್ಲಿ ಬೆಟ್ಟ ನೋಡಲು ಬರುತ್ತೇವೆಂದು ಫೋನು ಮಾಡಿದರೆ, ದಸರೆಗೆ ಬನ್ನಿ, ನಾವೇ ಜೊತೆಗೆ ಬರುತ್ತೇವೆ ಎಂದು ಹೇಳಿ.