ನಗಿಸಲು ಅವನೇ ಬೇಕಿತ್ತೆ?

ಮಳೆಗಾಲದ ಒಂದು ಭಾನುವಾರ. ಹುಕ್ಕೇರಿಯಿಂದ ಬಂದಿದ್ದ ಖಾಲಾನ ಮಗನನ್ನು ಗೋಕಾಕ ಫಾಲ್ಸ್‌ಗೆ ಕರೆದುಕೊಂಡು ಹೋಗಿದ್ದೆವು. ಅವನಿಗೆ ಹದಿಮೂರು ವರ್ಷ, ಬುದ್ಧಿಯ ಬೆಳವಣಿಗೆ ನಿಧಾನ. ಹಾಡು ಕೇಳಿದರೆ ಸಾಕು, ಕುಣಿಯುತ್ತಾನೆ. ನಾಲ್ಕಾರು ಹುಡುಗರು ಹಾಡು ಹಚ್ಚಿ ಕುಣಿಸಿದರು, ರೀಲ್ ಮಾಡಿದರು. ಎರಡೇ ದಿನದಲ್ಲಿ ಅದು ಮೂಡಲಗಿಯ ವಾಟ್ಸಾಪ್ ಗ್ರೂಪುಗಳವರೆಗೂ ಹೋಯಿತು. ಕೆಳಗೆ ಸಾಲುಸಾಲು ನಗುವ ಎಮೋಜಿ. "ನೋಡು ಆಪಾ, ಎಲ್ಲರಿಗೂ ನಾನಂದ್ರೆ ಇಷ್ಟ" ಎಂದು ಅವನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಖಾಲಾ ಒಳಗೆ ಹೋಗಿ ಅಳುತ್ತಿದ್ದರು.

ವಿಶೇಷ ಅಗತ್ಯವುಳ್ಳ ಮಕ್ಕಳ ಆನ್‌ಲೈನ್ ಸುರಕ್ಷತೆ ಎಂದರೆ ನಮಗೆ ನೆನಪಾಗುವುದು ಎಲ್ಲೋ ದೂರ ಕುಳಿತ ವಂಚಕ. ಅಂಥವರೂ ಇದ್ದಾರೆ. ಆದರೆ ಈ ರೀಲ್ ಮಾಡಿದವರು ನಮ್ಮದೇ ವಯಸ್ಸಿನವರು. ಅದನ್ನು ಸ್ಟೇಟಸ್ ಇಟ್ಟುಕೊಂಡವರಲ್ಲಿ ನನ್ನ ಗೆಳತಿಯರೂ ಇದ್ದರು. "ತಮಾಷೆಗೆ" ಎಂದರು. ಅಂಗವಿಕಲ ವ್ಯಕ್ತಿಯನ್ನು ನಾಲ್ಕು ಜನರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಡಿ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಇದು ನನಗೂ ಮೊದಲು ಗೊತ್ತಿರಲಿಲ್ಲ.

ಮನೆಯಲ್ಲಿ ಅವನ ಫೋನ್ ಕಸಿದುಕೊಂಡರು. ತಪ್ಪು ಮಾಡಿದವರು ಯಾರೋ, ಶಿಕ್ಷೆ ಅವನಿಗೆ! 2020ರ ಲಾಕ್‌ಡೌನ್‌ನಲ್ಲಿ ಬಂದ ಆ ಫೋನಿನಲ್ಲೇ ಅವನು ಅಕ್ಷರ ಕಲಿತದ್ದು. ಈಗ ಪಕ್ಕದ ಮನೆಯವರ ಫೋನನ್ನು ಕದ್ದುಮುಚ್ಚಿ ನೋಡತೊಡಗಿದ. ಅದು ಇನ್ನೂ ಅಪಾಯ.

"ಅಪರಿಚಿತರ ಜೊತೆ ಮಾತಾಡಬೇಡ" ಎಂದರೆ ಅವನಿಗೆ ತಿಳಿಯುವುದಿಲ್ಲ. ಎರಡು ಸಲ "ಹಾಯ್" ಎಂದವರು ಅವನಿಗೆ ದೋಸ್ತರೇ. ಕೊನೆಗೆ ನಾವು ಐದು ಜನರ ಫೋಟೋಗಳನ್ನು ಗೋಡೆಗೆ ಅಂಟಿಸಿದೆವು. ಮಾತು, ಮೆಸೇಜು ಇವರ ಜೊತೆ ಮಾತ್ರ. ಬೇರೆ ಯಾರೇ ಫೋಟೋ ಕೇಳಲಿ, ಕರೆ ಮಾಡಲಿ, ಫೋನ್ ತಂದು ಅಮ್ಮಿಯ ಕೈಗೆ ಕೊಡಬೇಕು. ಅಮ್ಮಿ ಬೈಯುವುದಿಲ್ಲ. ಈ ಕೊನೆಯ ಮಾತನ್ನು ಖಾಲಾನಿಂದ ಒಪ್ಪಿಸುವುದೇ ಕಷ್ಟವಾಯಿತು! ಬೈದರೆ ಅವನು ಮುಚ್ಚಿಡುತ್ತಾನೆ, ಅಷ್ಟೇ.

ಸಮಗ್ರ ಶಿಕ್ಷಣ ಯೋಜನೆಯಡಿ ಇಂಥ ಮಕ್ಕಳಿಗಾಗಿಯೇ ತಾಲ್ಲೂಕು ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ. ಅಕ್ಷರ, ಲೆಕ್ಕದ ಜೊತೆ ಫೋನ್ ಬಳಕೆಯನ್ನೂ ಅವರು ಕಲಿಸಬೇಕು, ಪಾಲಕರೂ ಅದನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಯಾರಾದರೂ ಮಗುವನ್ನು ಹೆದರಿಸಿದರೆ 1098, ಹಣ ಹೋದರೆ 1930.

ರೀಲ್ ಹಾಕಿದ ಹುಡುಗನನ್ನು ಹುಡುಕಿ ಕೇಳಿದೆವು. ತಲೆ ತಗ್ಗಿಸಿ ಅಳಿಸಿದ. ಫಾರ್ವರ್ಡ್ ಆದದ್ದು ನಿಮ್ಮಲ್ಲಿ ಕೆಲವರ ಫೋನಿನಲ್ಲಿ ಇನ್ನೂ ಇರಬಹುದು. ಇದ್ದರೆ ಇವತ್ತೇ ಅಳಿಸಿಬಿಡಿ.