ಆನ್‌ಲೈನ್ ವ್ಯಾಪಾರ ಸಾಲ: ಅಡವಿಗೆ ಹೋಗುತ್ತಿರುವುದು ನಮ್ಮ ಮಾಹಿತಿ

ಮಡಿಕೇರಿ, ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗಿ ಬಂದ ಕರಾವಳಿಯವರಿಗೆ ದೊಡ್ಡಮಳೂರು ಹೊಸ ಹೆಸರೇನಲ್ಲ. ಚನ್ನಪಟ್ಟಣಕ್ಕೆ ಹೊಂದಿಕೊಂಡಂತಿರುವ ಈ ಊರು ಅಪ್ರಮೇಯ ಸ್ವಾಮಿ ಮತ್ತು ಅಂಬೆಗಾಲು ಕೃಷ್ಣನ ದೇವಾಲಯಕ್ಕೆ ಪ್ರಸಿದ್ಧ. ಅದರ ಆಸುಪಾಸಿನ ಹಳೆಯ ಹೆದ್ದಾರಿಯ ಬದಿಯಲ್ಲಿ ಬಣ್ಣದ ಮರದ ಬೊಂಬೆಗಳ ಅಂಗಡಿಗಳು ಪ್ರಯಾಣಿಕರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ವಾಹನಗಳು ರಾಮನಗರ, ಚನ್ನಪಟ್ಟಣಗಳನ್ನು ಮುಟ್ಟದೆ ಬೈಪಾಸಿನಲ್ಲೇ ಸಾಗತೊಡಗಿದವು. ಹಳೆಯ ರಸ್ತೆಯನ್ನು ನಂಬಿದ್ದ ಬೊಂಬೆ ಅಂಗಡಿಯವರು, ಹೋಟೆಲಿನವರು ವ್ಯಾಪಾರ ಕುಸಿಯಿತೆಂದು ಅಳಲು ತೋಡಿಕೊಂಡರು.

ಅಂತಹ ಒಬ್ಬ ಅಂಗಡಿಯವನನ್ನು ನಾವು ಮನಸ್ಸಿಗೆ ತಂದುಕೊಳ್ಳೋಣ. ದಸರಾ ಹತ್ತಿರ ಬಂದಿದೆ. ಮರ, ಅರಗು ಕೊಳ್ಳಲು, ಕೆಲಸದವರಿಗೆ ಮುಂಗಡ ಕೊಡಲು ಐವತ್ತು ಸಾವಿರ ರೂಪಾಯಿ ಬೇಕು. ಬ್ಯಾಂಕಿಗೆ ಹೋದರೆ ಕಾಗದಪತ್ರ, ಜಾಮೀನು, ಹತ್ತು ದಿನದ ಅಲೆದಾಟ. ಅಷ್ಟರಲ್ಲಿ ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ಜಾಹೀರಾತು ಬರುತ್ತದೆ: ಹತ್ತು ನಿಮಿಷದಲ್ಲಿ ವ್ಯಾಪಾರ ಸಾಲ, ಅಡವು ಬೇಡ, ಜಾಮೀನು ಬೇಡ. ಅವನು ಒತ್ತುತ್ತಾನೆ.

ಇದೇ ಜಾಹೀರಾತು ಮಲ್ಪೆಯ ಮೀನು ಮಾರುವ ಮಹಿಳೆಗೂ, ಮೂಡುಬಿದಿರೆಯ ಕ್ಯಾಟರಿಂಗ್ ನಡೆಸುವ ಯುವಕನಿಗೂ, ಕುಂದಾಪುರದ ಟೈಲರಿಗೂ ಬರುತ್ತದೆ. ಆದ್ದರಿಂದ ಇದು ದೂರದ ದೊಡ್ಡಮಳೂರಿನ ವಿಚಾರವೆಂದು ನಾವು ಸುಮ್ಮನಿರುವಂತಿಲ್ಲ. ಈ ಸಾಲಕ್ಕೆ ನಿಜವಾಗಿಯೂ ಅಡವು ಇಲ್ಲವೇ? ಇದೆ ಎಂಬುದು ನಮ್ಮ ಅಭಿಪ್ರಾಯ. ಅಡವಿಗೆ ಹೋಗುವುದು ಚಿನ್ನವಲ್ಲ, ಸಾಲಗಾರನ ವೈಯಕ್ತಿಕ ಮಾಹಿತಿ.

ಅಂದಿನ ಪಿಗ್ಮಿ, ಇಂದಿನ ಆ್ಯಪ್

ಸಾಲ ಕೊಡುವವನು ಸಾಲಗಾರನ ಬಗ್ಗೆ ತಿಳಿದುಕೊಳ್ಳುವುದು ತಪ್ಪಲ್ಲ. ಬ್ಯಾಂಕುಗಳ ತವರು ಎನಿಸಿಕೊಂಡ ನಮ್ಮ ಕರಾವಳಿಗೆ ಇದು ಚೆನ್ನಾಗಿ ಗೊತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1912ರಲ್ಲಿ ನಮ್ಮ ಸಮುದಾಯದವರೇ ಕಟ್ಟಿದ ಮಂಗಳೂರು ಕಥೋಲಿಕ ಸಹಕಾರಿ ಬ್ಯಾಂಕ್ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಪಿಗ್ಮಿ ಏಜೆಂಟರಿಗೆ ಆ ಮನೆಯ ಕಷ್ಟಸುಖ ಗೊತ್ತಿರುತ್ತಿತ್ತು. ಏಜೆಂಟರು ಯಾರೆಂಬುದು ಮನೆಯವರಿಗೂ ಗೊತ್ತಿರುತ್ತಿತ್ತು. ತಿಳಿವಳಿಕೆ ಎರಡೂ ಕಡೆ ಇತ್ತು.

ಇಂದಿನ ಆನ್‌ಲೈನ್ ಸಾಲದಲ್ಲಿ ತಿಳಿವಳಿಕೆ ಒಂದೇ ಕಡೆಗೆ ಹರಿಯುತ್ತದೆ. ಅರ್ಜಿ ತುಂಬುವಾಗ ನಮ್ಮ ವ್ಯಾಪಾರಿ ಕೊಡುವುದೇನು? ಆಧಾರ್, ಪಾನ್, ಮುಖದ ಫೋಟೋ, ಉದ್ಯಮ ನೋಂದಣಿ, ಇದ್ದರೆ ಜಿಎಸ್‌ಟಿ ಸಂಖ್ಯೆ, ತಿಂಗಳುಗಟ್ಟಲೆಯ ಬ್ಯಾಂಕ್ ಲೆಕ್ಕ, ಅಂಗಡಿ ಇರುವ ಸ್ಥಳ, ಇಬ್ಬರು ಪರಿಚಿತರ ಫೋನ್ ಸಂಖ್ಯೆ. ಬ್ಯಾಂಕ್ ಲೆಕ್ಕ ಎಂದರೆ ಬರೇ ವ್ಯಾಪಾರದ ಲೆಕ್ಕವಲ್ಲ. ಸಣ್ಣ ವ್ಯಾಪಾರಿಗೆ ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಎಂದಿರುವುದಿಲ್ಲ. ಹೆಂಡತಿಯ ಔಷಧಿಯ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ಹರಕೆಯ ಹಣ ಎಲ್ಲವೂ ಅದರಲ್ಲಿ ಕಾಣುತ್ತವೆ.

ಇದನ್ನು ಪಡೆಯುವವರು ಒಬ್ಬರಲ್ಲ ಎಂಬುದನ್ನೂ ಗಮನಿಸಬೇಕು. ಮೊಬೈಲಿನಲ್ಲಿ ಕಾಣುವ ಹೆಸರು ಅನೇಕ ಸಲ ಸಾಲ ಕೊಡುವ ಸಂಸ್ಥೆಯದ್ದಲ್ಲ, ಗಿರಾಕಿಯನ್ನು ತಂದುಕೊಡುವ ಕಂಪನಿಯದ್ದು. ಹಣ ಕೊಡುವುದು ಅದರ ಹಿಂದಿರುವ ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆ. ಗುರುತು ಪರಿಶೀಲಿಸುವವರು ಬೇರೆ, ಸಾಲದ ಇತಿಹಾಸ ಇಡುವ ಕ್ರೆಡಿಟ್ ಮಾಹಿತಿ ಕಂಪನಿಗಳು ಬೇರೆ, ಕಂತು ತಪ್ಪಿದರೆ ವಸೂಲಿಗೆ ಬರುವ ಏಜೆನ್ಸಿ ಬೇರೆ. ಒಂದು ಸಲ ಒತ್ತಿದ 'ಒಪ್ಪಿಗೆ' ಇಷ್ಟು ಬಾಗಿಲುಗಳನ್ನು ತೆರೆಯಬಲ್ಲದು. ಚಿನ್ನದ ಬಳೆ ಅಡವಿಟ್ಟರೆ ಸಾಲ ತೀರಿದ ದಿನ ಮನೆಗೆ ಬರುತ್ತದೆ. ಅಡವಿಟ್ಟ ಮಾಹಿತಿಯನ್ನು ಬಿಡಿಸಿಕೊಂಡು ಬರುವುದು ಎಲ್ಲಿಂದ?

ಬೆಂಗಳೂರು ಕಂಡ ಪಾಠ

ಈ ಆತಂಕ ಕಲ್ಪನೆಯಲ್ಲ. 2021ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಕಾರ್ಯತಂಡವು ಅದೇ ವರ್ಷದ ನವೆಂಬರ್‌ನಲ್ಲಿ ನೀಡಿದ ವರದಿಯಲ್ಲಿ, ತಾನು ಕಂಡ ಸುಮಾರು 1,100 ಸಾಲದ ಆ್ಯಪ್‌ಗಳ ಪೈಕಿ ಸುಮಾರು 600 ಅಕ್ರಮವೆಂದು ಹೇಳಿತು. ಸಾಲಗಾರರನ್ನು ಸುಲಿಗೆ ಮಾಡಿ ಪೀಡಿಸಿದ ಆರೋಪದ ಮೇಲೆ ಬೆಂಗಳೂರಿನ ಸೈಬರ್ ಅಪರಾಧ ಠಾಣೆಯಲ್ಲಿ 18 ಪ್ರಕರಣಗಳು ದಾಖಲಾಗಿದ್ದವು. ಇವುಗಳ ಆಧಾರದ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯವು ನಗರದ ಆರು ಕಡೆ ಶೋಧ ನಡೆಸಿ 17 ಕೋಟಿ ರೂಪಾಯಿ ತಡೆಹಿಡಿಯಿತು. ಭಾರತೀಯರ ದಾಖಲೆಗಳನ್ನು ನಕಲಿಯಾಗಿ ಬಳಸಿ, ಅವರನ್ನು ಹೆಸರಿಗೆ ಮಾತ್ರ ನಿರ್ದೇಶಕರನ್ನಾಗಿ ಮಾಡಿ ಕಂಪನಿಗಳನ್ನು ನಡೆಸಲಾಗುತ್ತಿತ್ತು ಎಂದು ನಿರ್ದೇಶನಾಲಯ ಆಗ ತಿಳಿಸಿತು.

ಇಂತಹ ಆ್ಯಪ್‌ಗಳ ಆಯುಧ ಒಂದೇ: ಫೋನಿನಲ್ಲಿರುವ ಹೆಸರುಗಳ ಪಟ್ಟಿ ಮತ್ತು ಫೋಟೋಗಳು. ಕಂತು ತಪ್ಪಿದ ಮರುದಿನ ಅಣ್ಣನಿಗೆ, ಮಾವನಿಗೆ, ಮಗಳ ಶಿಕ್ಷಕಿಗೆ ಸಂದೇಶ ಹೋಗುತ್ತದೆ. ತಿರುಚಿದ ಫೋಟೋ ಹರಿದಾಡುತ್ತದೆ. ಸಾಲ ಐದು ಸಾವಿರದ್ದಾಗಿದ್ದರೂ ಹೋಗುವುದು ಜೀವಮಾನದ ಮರ್ಯಾದೆ. ಮರ್ಯಾದೆಗೆ ಅಂಜಿ ಪ್ರಾಣವನ್ನೇ ಕಳೆದುಕೊಂಡವರೂ ಇದ್ದಾರೆ.

2025ರ ಆರಂಭದಲ್ಲಿ ಕಿರುಸಾಲ ವಸೂಲಿಗಾರರ ಕಿರುಕುಳದ ಸುದ್ದಿಗಳು ಚಾಮರಾಜನಗರ, ಹಾವೇರಿ, ರಾಮನಗರ ಮುಂತಾದ ಜಿಲ್ಲೆಗಳಿಂದ ಬಂದವು. ರಾಜ್ಯ ಸರಕಾರ ಅದೇ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಮಾಡಿತು.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್ 2ರಂದು ಡಿಜಿಟಲ್ ಸಾಲಕ್ಕೆ ಮಾರ್ಗಸೂಚಿ ಹೊರಡಿಸಿತು. 2025ರ ಮೇ 8ರ ನಿರ್ದೇಶನಗಳಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಅದರ ಸಾರ ಪ್ರತಿಯೊಬ್ಬ ಸಾಲಗಾರನಿಗೂ ತಿಳಿದಿರಬೇಕು. ಸಾಲದ ಆ್ಯಪ್ ಫೋನಿನ ಹೆಸರುಗಳ ಪಟ್ಟಿ, ಕರೆಗಳ ದಾಖಲೆ, ಫೋಟೋ ಮತ್ತು ಕಡತಗಳನ್ನು ಮುಟ್ಟಬಾರದು. ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿಯನ್ನು ಗುರುತು ಪರಿಶೀಲನೆಯಂತಹ ಅಗತ್ಯಕ್ಕೆ, ಸ್ಪಷ್ಟ ಒಪ್ಪಿಗೆ ಪಡೆದು, ಒಂದು ಸಲ ಮಾತ್ರ ಬಳಸಬಹುದು. ಮಾಹಿತಿ ಭಾರತದೊಳಗಿನ ಸರ್ವರ್‌ಗಳಲ್ಲೇ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ, ಮಾಹಿತಿಯನ್ನು ಅಳಿಸಿ ಎಂದು ಕೇಳುವ ಅವಕಾಶ ಸಾಲಗಾರನಿಗೆ ಇರಬೇಕು. ಹಣ ನೇರವಾಗಿ ಅವನ ಬ್ಯಾಂಕ್ ಖಾತೆಗೇ ಬರಬೇಕು. ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡಬಾರದು, ಮನೆಯವರನ್ನೂ ಸ್ನೇಹಿತರನ್ನೂ ಕಾಡಬಾರದು ಎಂದು 2022ರ ಆಗಸ್ಟ್‌ನಲ್ಲೇ ಅದು ಎಚ್ಚರಿಸಿತ್ತು.

ಇನ್ನೊಂದು ನಿಯಮ ಸಣ್ಣ ಉದ್ಯಮಿಗಳಿಗೆ ಮುಖ್ಯ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ, ವರ್ಷದ ಒಟ್ಟು ವೆಚ್ಚ, ವಸೂಲಿ ಏಜೆಂಟರ ವಿಚಾರ, ದೂರು ಕೇಳುವ ಅಧಿಕಾರಿಯ ವಿವರಗಳನ್ನು ಒಳಗೊಂಡ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು.

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ಅಂಕಿತ ಬಿತ್ತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈ ಕಾಯಿದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಕೊಂಕಣಿಯೂ ಇದೆ. ಮಾಹಿತಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ನಿಯಮಗಳು ಹೀಗೆ ಒಳ್ಳೆಯವೇ. ಆದರೆ ರಿಸರ್ವ್ ಬ್ಯಾಂಕಿನ ನಿಯಮ ಅನ್ವಯಿಸುವುದು ಅದರ ಹತೋಟಿಯಲ್ಲಿರುವ ಸಂಸ್ಥೆಗಳಿಗೆ ಮತ್ತು ಅವುಗಳ ಪಾಲುದಾರರಿಗೆ. ಅಕ್ರಮ ಆ್ಯಪ್‌ಗೆ ನಿಯಮದ ಹಂಗಿಲ್ಲ. ಸಕ್ರಮ ಸಂಸ್ಥೆಯಲ್ಲೂ ಹತ್ತಾರು ಪುಟಗಳ ಇಂಗ್ಲಿಷ್ ಕರಾರಿಗೆ ಅವಸರದಲ್ಲಿ ಒತ್ತಿದ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಹಣದ ತುರ್ತಿನಲ್ಲಿರುವವನು ಕರಾರು ಓದುವುದಿಲ್ಲ. ಅವನ ತುರ್ತೇ ಕೆಲವರ ಬಂಡವಾಳ.

ಹೊಸ್ತಿಲ ಹೊರಗೆ ನಿಲ್ಲುವ ಸಾಲಿಗ

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಆಶ್ಚರ್ಯವಾಗುತ್ತದೆ. ಸಾಲ ಕೊಟ್ಟವನು ಅಡವಿನ ವಸ್ತುವಿಗಾಗಿ ಸಾಲಗಾರನ ಮನೆಯೊಳಗೆ ನುಗ್ಗುವಂತಿಲ್ಲ. ಅವನು ಹೊರಗೆ ನಿಲ್ಲಬೇಕು. ಸಾಲಗಾರನೇ ಅಡವನ್ನು ಹೊರಗೆ ತಂದು ಕೊಡಬೇಕು. ಹಿಟ್ಟು ಬೀಸುವ ಕಲ್ಲನ್ನು ಅಡವಿಡಿಸಿಕೊಳ್ಳಬಾರದು, ಏಕೆಂದರೆ ಅದು ಜೀವನೋಪಾಯ. ಬಡವನ ಹೊದಿಕೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕು.

ಇಲ್ಲಿ ಸಾಲ ನಿಷಿದ್ಧವಲ್ಲ, ಅಡವೂ ನಿಷಿದ್ಧವಲ್ಲ. ಬಡವನಾದರೂ ಅವನ ಮನೆಗೊಂದು ಹೊಸ್ತಿಲಿದೆ, ಅದನ್ನು ದಾಟುವ ಹಕ್ಕು ಹಣ ಕೊಟ್ಟವನಿಗಿಲ್ಲ ಎಂಬುದೇ ಇದರ ತಾತ್ಪರ್ಯ. ಇಂದು ನಮ್ಮ ಮನೆಯ ಹೊಸ್ತಿಲು ಮೊಬೈಲಿನೊಳಗಿದೆ. ಸಾಲಗಾರ ತಾನಾಗಿ ತಂದುಕೊಟ್ಟ ಲೆಕ್ಕಪತ್ರ ಬೇರೆ, ಒಳಗೆ ನುಗ್ಗಿ ಹೊತ್ತೊಯ್ದ ಹೆಸರುಗಳ ಪಟ್ಟಿ ಬೇರೆ. ರಿಸರ್ವ್ ಬ್ಯಾಂಕಿನ ನಿಯಮಗಳೂ ಇದೇ ಗೆರೆಯನ್ನು ಎಳೆದಿವೆ.

ದಿವಂಗತ ಪೋಪ್ ಫ್ರಾನ್ಸಿಸರು 2024ರ ಜನವರಿ 1ರ ವಿಶ್ವ ಶಾಂತಿ ದಿನದ ಸಂದೇಶದಲ್ಲಿ, ಸಾಲ ಕೇಳುವವನ ನಂಬಿಕಸ್ಥಿಕೆಯನ್ನು ಯಂತ್ರಗಳೇ ನಿರ್ಣಯಿಸುವ ಕಾಲ ಬರಬಹುದೆಂದು ಎಚ್ಚರಿಸಿದ್ದರು. ಯಂತ್ರ ಬ್ಯಾಂಕ್ ಲೆಕ್ಕವನ್ನು ನೋಡೀತು. ಹೆದ್ದಾರಿ ಬದಲಾದದ್ದರಿಂದ ವ್ಯಾಪಾರ ಇಳಿಯಿತು, ಮನುಷ್ಯ ಪ್ರಾಮಾಣಿಕನೇ ಎಂಬುದನ್ನು ಅದಕ್ಕೆ ಹೇಳುವವರು ಯಾರು?

ನಾವು ಮಾಡಬೇಕಾದದ್ದು

ಆನ್‌ಲೈನ್ ಸಾಲವೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಜಮೀನು, ಚಿನ್ನ ಇಲ್ಲದ ಎಷ್ಟೋ ವ್ಯಾಪಾರಿಗಳಿಗೆ ತಮ್ಮ ದಿನನಿತ್ಯದ ವಹಿವಾಟಿನ ಲೆಕ್ಕವೇ ಸಾಲಕ್ಕೆ ಆಧಾರವಾಗಿದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಯಾವ ಖಾತೆಯ ಮಾಹಿತಿ, ಯಾವ ಉದ್ದೇಶಕ್ಕೆ, ಎಷ್ಟು ಕಾಲಕ್ಕೆ ಎಂಬುದನ್ನು ಗಿರಾಕಿಯೇ ಒಪ್ಪಬೇಕು. ಒಪ್ಪಿಗೆಯನ್ನು ರದ್ದು ಮಾಡಲೂಬಹುದು. ಹೊಸ್ತಿಲ ಹೊರಗೆ ನಿಂತು ಸಾಲ ಕೊಡುವುದು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಸಾಲ ಪಡೆಯುವ ಮೊದಲು ಆ್ಯಪ್‌ನ ಹಿಂದಿರುವ ಸಂಸ್ಥೆ ಯಾವುದೆಂದು ನೋಡಿರಿ. ಸಕ್ರಮ ಸಂಸ್ಥೆಗಳ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರ ಜುಲೈಯಿಂದ ತನ್ನ ಜಾಲತಾಣದಲ್ಲಿ ಇರಿಸಿದೆ. ಹೆಸರುಗಳ ಪಟ್ಟಿಗೆ ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿರಿ. ಸಾಲ ತೀರಿದ ಮೇಲೆ ಒಪ್ಪಿಗೆ ಹಿಂದೆಗೆದುಕೊಂಡು, ಮಾಹಿತಿ ಅಳಿಸಲು ಲಿಖಿತವಾಗಿ ಕೇಳಿರಿ. ಸಂಸ್ಥೆ 30 ದಿನಗಳಲ್ಲಿ ದೂರಿಗೆ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಹಣದ ವಂಚನೆಯಾದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿರಿ. ಪರಿಚಿತರ ಸಂಖ್ಯೆ ಕೊಡುವಾಗ ಅವರನ್ನು ಕೇಳಿಯೇ ಕೊಡಿರಿ. ಅದು ನಮ್ಮ ಸ್ವತ್ತಲ್ಲ.

ಇತರರಿಗೆ ಹೇಳುವ ಈ ಮಾತು ನಮಗೂ ಅನ್ವಯಿಸುತ್ತದೆ. ಯಾರ ಸತ್ಕೀರ್ತಿಗೂ ಖಾಸಗಿತನಕ್ಕೂ ಧಕ್ಕೆ ತರಬಾರದೆಂದು ಧರ್ಮಸಭೆಯ ಕಾನೂನಿನ 220ನೇ ವಿಧಿ ವಿಧಿಸುತ್ತದೆ. ನಮ್ಮ ಧರ್ಮಕೇಂದ್ರಗಳ ಕಚೇರಿಗಳಲ್ಲಿ ಕುಟುಂಬಗಳ ವಿವರಗಳಿವೆ. ಸ್ವಸಹಾಯ ಸಂಘಗಳ ಕಡತಗಳಲ್ಲಿ ಆಧಾರ್ ಪ್ರತಿಗಳಿವೆ. ಅವು ಬೀಗದೊಳಗಿವೆಯೇ? ಕಂತು ಕಟ್ಟದವರ ಹೆಸರನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಮ್ಮಲ್ಲಿಲ್ಲವೇ? ಪಾಲನಾ ಸಮಿತಿಗಳು ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರೆ ಒಳ್ಳೆಯದು.

ವಾಳೆಯ ಗುರಿಕಾರರು ಇನ್ನೂ ಒಂದು ಕೆಲಸ ಮಾಡಬಹುದು. ಸಾಲದ ಆ್ಯಪ್‌ನವರು ಯಾರದ್ದಾದರೂ ಬಗ್ಗೆ ಅವಮಾನಕರ ಸಂದೇಶ ಕಳುಹಿಸಿದರೆ ಅದನ್ನು ಬೇರೆಯವರಿಗೆ ದಾಟಿಸದೆ, ಆ ಮನೆಗೆ ಹೋಗಿ ಮಾತನಾಡಿಸಲಿ. ಅಂತಹ ಸಂದೇಶದ ಬಲವೆಲ್ಲ ನೋಡಿದವರ ಬಾಯಲ್ಲಿದೆ. ನಾವು ಬಾಯಿ ಮುಚ್ಚಿ ಕೈ ಚಾಚಿದರೆ ಒಂದು ಮನೆ, ಒಂದು ಜೀವ ಉಳಿದೀತು.